ಮಡಿಲಲ್ಲಿ ಗುರ್‌ಗುರ್ ಅನ್ನುವ ಬೆಕ್ಕನ್ನು ಕಳಿಸಿಕೊಡುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಮ್ಮ ಬೆಕ್ಕು ಬೊಳ್ಳಿಗೆ 16 ವರ್ಷ. ಮಗ ಒಂದನೇ ಕ್ಲಾಸಿನಲ್ಲಿದ್ದಾಗ ಅಂಗಿಯೊಳಗೆ ಅಡಗಿಸಿ ತಂದ ಮರಿ. ಅವನೀಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಯಜಮಾನರು ಗಲ್ಫಿನಲ್ಲಿ. ಮನೆಯಲ್ಲಿ ನಾನು, ಅತ್ತೆ ಮತ್ತು ಬೊಳ್ಳಿ. ಕಳೆದ ವರ್ಷದಿಂದ ಅವಳು ವಿಪರೀತ ನೀರು ಕುಡಿಯಲು ಶುರು ಮಾಡಿದಳು. ನಾಲ್ಕು ಕಿಲೋ ಇದ್ದವಳು ಈಗ 2.3 ಕಿಲೋ. ಹೋದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಎಷ್ಟು ಕೆಟ್ಟಿದೆ ಎಂದು ತೋರಿಸುವ ಕ್ರಿಯಾಟಿನಿನ್ 6.8 ಬಂತು. ಹನ್ನೆರಡು ದಿನ ಡ್ರಿಪ್ ಹಾಕಿಸಿದೆವು. ಆಮೇಲೆ ನೋಡಿದರೆ 7.9. ಮೂರು ದಿನದಿಂದ ಬಂಗುಡೆ ಬೇಯಿಸಿದ ನೀರನ್ನು ಒಂದೆರಡು ಸಲ ನೆಕ್ಕಿದ್ದು ಬಿಟ್ಟರೆ ಏನೂ ಇಲ್ಲ. ಬಾಯಿ ವಾಸನೆ ಬರುತ್ತದೆ. ಇಡೀ ದಿನ ಬಚ್ಚಲ ಒಲೆಯ ಹತ್ತಿರ ಮುದುಡಿ ಕೂತಿರುತ್ತಾಳೆ. ಡಾಕ್ಟರು ಮಲಯಾಳದಲ್ಲಿ "ದಯಾವಧಂ" ಬಗ್ಗೆ, ಅಂದರೆ ಇಂಜೆಕ್ಷನ್ ಕೊಟ್ಟು ಕಳಿಸಿಕೊಡುವ ಬಗ್ಗೆ ಯೋಚಿಸಿ ಎಂದರು. "ವಧೆ" ಎಂಬ ಮಾತು ಕೇಳಿದ್ದೇ ಅತ್ತೆ ಗಾಬರಿಯಾದರು. ಬೆಕ್ಕು ಕೊಂದ ಪಾಪ ಕಳೆಯಲು ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕಂತೆ. ಯಜಮಾನರು ಫೋನಿನಲ್ಲಿ "ತಾನಾಗಿ ಹೋಗಲಿ ಬಿಡು" ಅನ್ನುತ್ತಾರೆ. ಮಗ "ಇನ್ನೂ ಟ್ರೀಟ್‌ಮೆಂಟ್ ಮಾಡಿಸೋಣ" ಅನ್ನುತ್ತಾನೆ. ಪಕ್ಕದ ಮನೆಯವರು ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬನ್ನಿ ಎಂದರು. ಆದರೆ ಮಡಿಲಲ್ಲಿ ಇಟ್ಟುಕೊಂಡರೆ ಬೊಳ್ಳಿ ಈಗಲೂ ಗುರ್‌ಗುರ್ ಅನ್ನುತ್ತಾಳೆ. ಅಂಥವಳಿಗೆ ಇಂಜೆಕ್ಷನ್ ಕೊಡಿಸುವುದು ಹೇಗೆ? ಅವಳಿಗೆ ನೋವು ಇದೆಯಾ? ಇಂಜೆಕ್ಷನ್‌ನಿಂದ ನೋವಾಗುತ್ತದಾ? ರಾತ್ರಿ ನಿದ್ದೆಯಿಲ್ಲದೆ ನಾನೂ ದಣಿದಿದ್ದೇನೆ. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರಶ್ನೆಗಳು ಹಲವು ಇವೆ. ಆದರೆ ಎಲ್ಲದರ ಕೆಳಗೆ ಒಂದೇ ಅಳುಕು ಇದೆ ಅನ್ನಿಸಿತು: ನನ್ನನ್ನು ಇಷ್ಟು ನಂಬಿದ ಪ್ರಾಣಿಗೆ ನಾನು ಮೋಸ ಮಾಡುತ್ತಿದ್ದೇನಾ? ಇಲ್ಲ. ನೀವು ಬರೆದ ಲಕ್ಷಣಗಳನ್ನೂ ಆ ಎರಡು ಅಂಕಿಗಳನ್ನೂ ನೋಡಿದರೆ ಬೊಳ್ಳಿ ಉಳಿಯುವುದಿಲ್ಲ ಎಂಬುದನ್ನು ಕಾಯಿಲೆ ಆಗಲೇ ತೀರ್ಮಾನಿಸಿಬಿಟ್ಟಿದೆ. ಇನ್ನು ನಿಮ್ಮ ಕೈಯಲ್ಲಿರುವುದು ಅವಳ ಕೊನೆಯ ದಿನಗಳು ಹೇಗೆ ಕಳೆಯಬೇಕು ಎಂಬುದಷ್ಟೆ. ನಾನು ಬೊಳ್ಳಿಯನ್ನು ಮುಟ್ಟಿ ನೋಡಿಲ್ಲ. ಹಾಗಾಗಿ ನೋಡಿದ ಡಾಕ್ಟರ ಮಾತಿಗೆ ನನ್ನ ಮಾತಿಗಿಂತ ಜಾಸ್ತಿ ಬೆಲೆ ಕೊಡಿ.

ದಣಿವಿನ ಬಗ್ಗೆ ನಾಚಿಕೆ ಬೇಡ. ರಾತ್ರಿ ಎರಡು ಗಂಟೆಗೆ ಎದ್ದು ವಾಂತಿ ಒರೆಸಿದವರಿಗೇ ದಣಿವಾಗುವುದು. ನನ್ನ ಹತ್ತಿರ ಬಂದು ಅತ್ತವರಲ್ಲಿ ಹೆಚ್ಚಿನವರು ಚೆನ್ನಾಗಿ ನೋಡಿಕೊಂಡವರೇ. ನಿಮ್ಮ ದಣಿವನ್ನೂ ಲೆಕ್ಕಕ್ಕೆ ತೆಗೆದುಕೊಂಡು ತೀರ್ಮಾನ ಮಾಡಿದರೆ ಅದು ಸ್ವಾರ್ಥ ಅಲ್ಲ.

ಮೊದಲು ಕಾಯಿಲೆಯ ವಿಷಯ. ಮುದಿ ಬೆಕ್ಕುಗಳ ಕಿಡ್ನಿ ಸೊರಗುವುದು ತುಂಬ ಸಾಮಾನ್ಯ. ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಹೆಚ್ಚಿನ ಸಲ ಆಗುವುದಿಲ್ಲ. ಹಾಗಾಗಿ "ಬಂಗುಡೆ ಜಾಸ್ತಿ ಕೊಟ್ಟೆನಾ, ಬಾವಿ ನೀರು ಆಗಲಿಲ್ಲವಾ" ಎಂದು ಕೊರಗಬೇಡಿ. "ಮೊದಲೇ ಗೊತ್ತಾಗಲಿಲ್ಲವಲ್ಲಾ" ಎಂದೂ ಬೇಡ. ಕಿಡ್ನಿಗೆ ದೇವರು ಉಳಿಕೆ ಶಕ್ತಿ ತುಂಬಾ ಕೊಟ್ಟಿದ್ದಾನೆ. ಮೂರರಲ್ಲಿ ಎರಡು ಪಾಲು ಕೆಟ್ಟ ಮೇಲಷ್ಟೇ ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ಆಗ ನೀರಿನಂಥ ಮೂತ್ರ ಹೊರಗೆ ಹೋಗುತ್ತದೆ. ಹೋದ ನೀರನ್ನು ತುಂಬಿಕೊಳ್ಳಲು ಬೆಕ್ಕು ಕುಡಿಯುತ್ತಲೇ ಇರುತ್ತದೆ. ಮುಕ್ಕಾಲು ಪಾಲು ಹೋದ ಮೇಲೆ ರಕ್ತದಲ್ಲಿ ಕ್ರಿಯಾಟಿನಿನ್ ಏರಲು ಶುರುವಾಗುತ್ತದೆ. ಅಂದರೆ ನೀವು ಮೊದಲ ಲಕ್ಷಣ ನೋಡುವ ಹೊತ್ತಿಗೇ ಕಾಯಿಲೆ ಅರ್ಧಕ್ಕಿಂತ ಜಾಸ್ತಿ ದಾರಿ ನಡೆದಿತ್ತು.

ಕ್ರಿಯಾಟಿನಿನ್ 1.6ರ ಒಳಗಿದ್ದರೆ ನಮಗೆ ಚಿಂತೆ ಕಡಿಮೆ. ನಾವು ಈ ಕಾಯಿಲೆಯನ್ನು ನಾಲ್ಕು ಹಂತವಾಗಿ ನೋಡುತ್ತೇವೆ. 5 ದಾಟಿದರೆ ನಾಲ್ಕನೇ ಹಂತ, ಅದೇ ಕೊನೆಯದು. ಬೊಳ್ಳಿಯದು 6.8 ಇತ್ತು. ಡ್ರಿಪ್ ದೇಹಕ್ಕೆ ನೀರು ತುಂಬುತ್ತದೆ, ರಕ್ತದಲ್ಲಿ ಸೇರಿದ ವಿಷವನ್ನು ತೆಳು ಮಾಡುತ್ತದೆ. ಕೆಟ್ಟ ಕಿಡ್ನಿಯನ್ನು ಮತ್ತೆ ಬೆಳೆಸುವುದಿಲ್ಲ. ನೀರು ಕಡಿಮೆಯಾಗಿಯೇ ಅಂಕಿ ಏರಿದ್ದರೆ ಡ್ರಿಪ್ ಹಾಕಿದ ಮೇಲೆ ಅದು ಇಳಿಯಬೇಕಿತ್ತು. ಹನ್ನೆರಡು ದಿನದ ಡ್ರಿಪ್ ನಂತರವೂ 7.9ಕ್ಕೆ ಏರಿತು ಎಂದರೆ ಉಳಿದ ಚೂರು ಕಿಡ್ನಿಯೂ ಕೈಬಿಡುತ್ತಿದೆ ಎಂದರ್ಥ.

ಆದರೂ ತೀರ್ಮಾನಕ್ಕೆ ಮೊದಲು ಡಾಕ್ಟರ ಹತ್ತಿರ ಒಂದು ಸಲ ಕೇಳಿ: ಸರಿ ಮಾಡಬಹುದಾದ ಬೇರೆ ಏನಾದರೂ ಇದರ ಜೊತೆ ಸೇರಿಕೊಂಡಿದೆಯಾ? ಮೂತ್ರದ ಸೋಂಕು, ಪೊಟ್ಯಾಶಿಯಂ ಕಡಿಮೆಯಾಗಿ ಕುತ್ತಿಗೆ ಎತ್ತಲಾಗದೆ ಇರುವುದು, ಬಿಪಿ ಏರಿರುವುದು, ಮಲ ಗಟ್ಟಿಯಾಗಿ ಕಟ್ಟಿಕೊಂಡಿರುವುದು. ಇವು ಕಿಡ್ನಿ ಕೆಟ್ಟ ಮುದಿ ಬೆಕ್ಕುಗಳಲ್ಲಿ ಸಾಮಾನ್ಯ, ಮತ್ತು ಮದ್ದಿಗೆ ಬಗ್ಗುತ್ತವೆ. ಕಿಡ್ನಿ ಬಿಟ್ಟು ಬೇರೆ ಕಾಯಿಲೆಗಳಿಗೂ ಈ ಮಾತು ಸಲ್ಲುತ್ತದೆ. "ಇದರ ಕತೆ ಮುಗಿಯಿತು" ಎಂದು ನನ್ನ ಹತ್ತಿರ ತಂದ ಬೆಕ್ಕುಗಳಲ್ಲಿ ಕೆಲವಕ್ಕೆ ಬರೀ ಹಲ್ಲು ಕೊಳೆತಿತ್ತು. ಹಲ್ಲು ಕಿತ್ತ ಮರುವಾರ ತಿನ್ನಲು ಶುರು ಮಾಡಿದವು. ಬೊಳ್ಳಿಯ ವಿಷಯದಲ್ಲಿ ನನಗೆ ಅಂಥ ಆಸೆ ಕಡಿಮೆ. ಮೈ ಹತ್ತಿರ ಹತ್ತಿರ ಅರ್ಧ ಕರಗಿದೆ, ಎರಡನೇ ಅಂಕಿಯೂ ಮೇಲೆಯೇ ಹೋಗಿದೆ. ಆದರೂ ಒಂದು ಸಲ ಕೇಳಿ. ಕೇಳದೆ ಇದ್ದರೆ ಆಮೇಲೆ ನಿಮ್ಮನ್ನೇ ನೀವು ಕೇಳಿಕೊಳ್ಳುತ್ತಾ ಇರುತ್ತೀರಿ.

ಇನ್ನು ಆ ಗುರ್‌ಗುರ್ ಶಬ್ದ. ಬೆಕ್ಕು ಸುಖವಾಗಿದ್ದಾಗ ಗುರ್‌ಗುರ್ ಅನ್ನುತ್ತದೆ, ನಿಜ. ಹೆರಿಗೆಯ ನೋವಿನಲ್ಲೂ ಅನ್ನುತ್ತದೆ. ಕಾಲು ಮುರಿದುಕೊಂಡು ಬಂದ ಬೆಕ್ಕು ನನ್ನ ಮೇಜಿನ ಮೇಲೂ ಅಂದಿದೆ. ಪ್ರಾಣ ಹೋಗುವ ಗಳಿಗೆಯಲ್ಲಿ ಅಂದದ್ದನ್ನೂ ನೋಡಿದ್ದೇನೆ. ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿಯೂ ಅದಕ್ಕೆ ಅದೇ. ಬೊಳ್ಳಿಗೆ ನಿಮ್ಮ ಮಡಿಲು ಹಿತ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಶಬ್ದವನ್ನೇ ನಂಬಿ ನೋವಿಲ್ಲ ಎಂದುಕೊಳ್ಳಬೇಡಿ.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ನಾಯಿಯಂತೆ ಕುಂಯ್‌ಗುಟ್ಟುವುದಿಲ್ಲ. ಅದರ ಮುಖ ನೋಡಬೇಕು. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಒಂದು ಕ್ರಮ ಮಾಡಿಕೊಟ್ಟರು. ಐದು ಗುರುತು: ಕಿವಿ ಪಕ್ಕಕ್ಕೆ ಬಾಗಿ ಚಪ್ಪಟೆಯಾಗುವುದು, ಕಣ್ಣು ಕಿರಿದಾಗುವುದು, ಮೂತಿ ಬಿಗಿಯುವುದು, ಮೀಸೆ ನೆಟ್ಟಗೆ ಮುಂದಕ್ಕೆ ನಿಲ್ಲುವುದು, ತಲೆ ಹೆಗಲಿಗಿಂತ ಕೆಳಗೆ ಇಳಿಯುವುದು. ಬಚ್ಚಲ ಒಲೆಯ ಹತ್ತಿರ ಕೂತಿರುವಾಗ ಬೊಳ್ಳಿಯ ಮುಖವನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಕೊನೆಯ ಹಂತದ ಕಿಡ್ನಿ ಕಾಯಿಲೆಯಲ್ಲಿ ಗಾಯದ ನೋವಿಗಿಂತ ಹೊಟ್ಟೆ ತೊಳಸುವುದು ಜಾಸ್ತಿ. ಬಸ್ಸಿನಲ್ಲಿ ಘಾಟಿ ಹತ್ತುವಾಗ ಕೆಲವರಿಗೆ ಆಗುವ ಸಂಕಟ ಇದೆಯಲ್ಲ, ಅದು ಬಸ್ಸಿನಿಂದ ಇಳಿದ ಮೇಲೂ ಹೋಗದೆ ಇದ್ದರೆ ಹೇಗೆ? ಊಟದ ಹತ್ತಿರ ಬಂದು, ಮೂಸಿ, ತುಟಿ ನೆಕ್ಕಿ, ಮುಖ ತಿರುಗಿಸಿದರೆ ಅದು ಹಟವಲ್ಲ. ಬಾಯಿ ವಾಸನೆ ಬಂದಾಗ ಸಾಮಾನ್ಯವಾಗಿ ನಾಲಿಗೆಯ ಅಂಚಿನಲ್ಲೂ ವಸಡಿನಲ್ಲೂ ಹುಣ್ಣು ಇರುತ್ತದೆ. ಒಲೆ ಬಿಟ್ಟು ಏಳದೆ ಇರಲು ಮೈ ತಣ್ಣಗಾಗುತ್ತಿರುವುದೂ ಕಾರಣ. ಬೆಕ್ಕಿನ ಮೈ ನಮಗಿಂತ ಬಿಸಿ ಇರಬೇಕು, 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕಿಡ್ನಿ ಪೂರ್ತಿ ಸೋತಾಗ ಅದು ಇಳಿಯುತ್ತಾ ಹೋಗುತ್ತದೆ.

ಯಜಮಾನರು ಹೇಳಿದ "ತಾನಾಗಿ ಹೋಗಲಿ" ಎಂಬ ಮಾತಿಗೆ ಬರೋಣ. ಈ ಮಾತಿನಲ್ಲಿ ಕರುಣೆಯೇ ಇದೆ. ಹೇಳುವವರ ಕಣ್ಣ ಮುಂದೆ ಇರುವುದು ನಿದ್ದೆಯಲ್ಲಿ ಹೋಗುವ ಬೆಕ್ಕು. ನಮ್ಮ ಹಳ್ಳಿಗಳಲ್ಲಿ "ಬೆಕ್ಕು ಸಾಯುವಾಗ ಮನೆ ಬಿಟ್ಟು ಹೋಗುತ್ತದೆ, ಅದಕ್ಕೆ ಗೊತ್ತಾಗುತ್ತದೆ" ಎಂಬ ನಂಬಿಕೆಯೂ ಇದೆ. ಅದು ಹೋಗುವುದು ಸಾವನ್ನು ಹುಡುಕಿಕೊಂಡು ಅಲ್ಲ. ಬಲ ಕುಂದಿದ ಪ್ರಾಣಿ ನಾಯಿ, ನರಿಗಳಿಂದ ತಪ್ಪಿಸಿಕೊಳ್ಳಲು ಅಡಗುತ್ತದೆ, ಅಷ್ಟೆ. ಹಟ್ಟಿಯ ಅಟ್ಟದಲ್ಲೋ ತೋಟದ ಕಣಿಯಲ್ಲೋ ಕೂತು, ಎದ್ದು ಬರಲಾಗದೆ, ನೀರಿಲ್ಲದೆ ಎರಡು ಮೂರು ದಿನ ಕಳೆಯುತ್ತದೆ. ನಾವು ನೋಡುವುದಿಲ್ಲವಾದ್ದರಿಂದ ಶಾಂತವಾಗಿ ಹೋಯಿತು ಎಂದುಕೊಳ್ಳುತ್ತೇವೆ.

ಕಿಡ್ನಿ ಕೆಟ್ಟ ಬೆಕ್ಕುಗಳಲ್ಲಿ ಕೆಲವು ಮಂಪರಿಗೆ ಜಾರಿ ಸದ್ದಿಲ್ಲದೆ ಹೋಗುವುದು ಉಂಟು. ಹೆಚ್ಚಿನವು ಹಾಗೆ ಹೋಗುವುದಿಲ್ಲ. ವಾಂತಿ, ಬಾಯಿ ಹುಣ್ಣು, ಮೈ ತಣ್ಣಗಾಗುವುದು, ಮಾಂಸ ಅದುರುವುದು, ಕೆಲವಕ್ಕೆ ಫಿಟ್ಸ್. ಒಂದೇ ರಾತ್ರಿಯಲ್ಲಿ ಮುಗಿಯಬಹುದು, ವಾರವೂ ಎಳೆಯಬಹುದು. ಬೊಳ್ಳಿ ಯಾವ ಗುಂಪಿಗೆ ಸೇರುತ್ತಾಳೆ ಎಂದು ಮೊದಲೇ ಹೇಳುವುದು ಯಾರಿಂದಲೂ ಆಗದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮುಳ್ಳೇರಿಯ ಕಡೆಯ ಒಂದು ಮನೆಗೆ ಹೋಗಿದ್ದೆ. ಇಂಥದ್ದೇ ಮುದಿ ಬೆಕ್ಕು. ಸಾಕಿದ ಅಜ್ಜಿ "ಏನು ಮಾಡೋಣ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಹೇಳಲು ಧೈರ್ಯ ಬರಲಿಲ್ಲ. "ಇನ್ನೆರಡು ದಿನ ನೋಡೋಣ" ಎಂದು ಬಂದೆ. ಅದು ಆಟಿ ತಿಂಗಳ ಮಳೆ. ಆ ರಾತ್ರಿ ರಸ್ತೆಗೆ ಮರ ಬಿತ್ತು, ಕರೆಂಟು ಹೋಯಿತು. ಬೆಕ್ಕಿಗೆ ಬೆಳಗಿನವರೆಗೆ ಫಿಟ್ಸ್ ಬಂತಂತೆ. ಅಜ್ಜಿ ಚಿಮಿಣಿ ದೀಪ ಇಟ್ಟುಕೊಂಡು ಪಕ್ಕದಲ್ಲೇ ಕೂತಿದ್ದರು. ಮರುದಿನ ನಾನು ಹೋದಾಗ ಬಯ್ಯಲಿಲ್ಲ. "ನಿನ್ನೆಯೇ ಹೇಳಬಾರದಿತ್ತಾ ಮಗಾ?" ಎಂದರು. ಆಮೇಲೆ ಯಾರಿಗೂ ನಾನು ಸುಮ್ನೆ "ಎರಡು ದಿನ ನೋಡೋಣ" ಎಂದು ಹೇಳಿಲ್ಲ. ಎರಡು ದಿನದಲ್ಲಿ ಏನು ನೋಡಬೇಕು ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ನೀವೂ ಹಾಗೆ ಮಾಡಿ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೋಬೊಸ್ ಅವರು ಮಾಡಿದ ಒಂದು ಲೆಕ್ಕ ನಮ್ಮಲ್ಲಿ ಬಳಕೆಯಲ್ಲಿದೆ. ಏಳು ವಿಷಯ ನೋಡಬೇಕು. ನೋವು, ಹಸಿವು, ಮೈಯಲ್ಲಿ ನೀರಿನ ಅಂಶ, ಮೈಯ ಶುಚಿ, ಸಂತೋಷ, ಓಡಾಟ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನ ಜಾಸ್ತಿ ಇವೆಯಾ ಎಂಬುದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ, ಸ್ಥಿತಿ ಒಳ್ಳೆಯದಿದ್ದಷ್ಟೂ ಅಂಕ ಜಾಸ್ತಿ. ಒಟ್ಟು 35ಕ್ಕಿಂತ ಮೇಲಿದ್ದರೆ ಆರೈಕೆ ಮುಂದುವರಿಸಲು ಅರ್ಥವಿದೆ. ನೀವೂ ಅತ್ತೆಯೂ ಬೇರೆ ಬೇರೆ ಕೂತು ಅಂಕ ಹಾಕಿ. ಮಗನೂ ಬಂದು ನೋಡಿ ಹಾಕಲಿ. ಮೂರನ್ನೂ ಇಟ್ಟು ನೋಡಿ. ಜಗಳ ಮಾತಿನಲ್ಲಿ ಇರುವಷ್ಟು ಅಂಕದಲ್ಲಿ ಇರುವುದಿಲ್ಲ ಎಂಬುದು ನನ್ನ ಅನುಭವ.

ಲೆಕ್ಕ ಬೇಡ ಅನ್ನಿಸಿದರೆ ಇನ್ನೂ ಸರಳ ದಾರಿ ಇದೆ. ಬೊಳ್ಳಿಗೆ ಅತಿ ಇಷ್ಟವಾಗಿದ್ದ ಮೂರು ಕೆಲಸ ಬರೆಯಿರಿ. ಮೀನಿನವನ ಹಾರ್ನ್ ಕೇಳಿದೊಡನೆ ಗೇಟಿಗೆ ಓಡುವುದು, ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಮೈ ನೆಕ್ಕಿಕೊಳ್ಳುವುದು, ಹೀಗೆ ಏನಾದರೂ ಇರುತ್ತದೆ ಅಲ್ವಾ. ಅದರಲ್ಲಿ ಎರಡು ನಿಂತುಹೋಗಿದ್ದರೆ ಅವಳಿಗೆ ಬದುಕು ಭಾರವಾಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಳ್ಳೆಯ ದಿನಕ್ಕೊಂದು, ಕೆಟ್ಟ ದಿನಕ್ಕೊಂದು ಗುರುತು ಹಾಕಿ. ಪಕ್ಕದಲ್ಲೇ ಇರುವವರಿಗೆ ಇಳಿಮುಖ ಕಾಣುವುದಿಲ್ಲ. ಕ್ಯಾಲೆಂಡರಿನಲ್ಲಿ ಕಾಣುತ್ತದೆ.

ಮಗ ಹೇಳುವಂತೆ ಟ್ರೀಟ್‌ಮೆಂಟ್ ಮುಂದುವರಿಸುವುದಾದರೆ ಅದಕ್ಕೊಂದು ಗಡುವು ಹಾಕಿ. ಮೂರು ದಿನ ಸಾಕು. ವಾಂತಿ ತಡೆಯುವ ಇಂಜೆಕ್ಷನ್, ಹಸಿವು ತರುವ ಮಾತ್ರೆ, ಚರ್ಮದ ಕೆಳಗೆ ಸಲೈನ್. ಸಲೈನ್ ಹಾಕುವುದನ್ನು ಡಾಕ್ಟರು ಮನೆಯವರಿಗೂ ಕಲಿಸಿಕೊಡುತ್ತಾರೆ. ಹೆಗಲುಗಳ ನಡುವೆ ಚರ್ಮ ಎತ್ತಿ ಸೂಜಿ ಹಾಕುವುದು, ಕಷ್ಟವಿಲ್ಲ. ಆದರೆ ಹೃದಯ ದುರ್ಬಲವಿದ್ದರೆ ಆ ನೀರು ಶ್ವಾಸಕೋಶದ ಸುತ್ತ ತುಂಬಿಕೊಂಡು ಉಸಿರು ಕಟ್ಟುತ್ತದೆ. ಹಾಗಾಗಿ ಎಷ್ಟು ಹಾಕಬೇಕು ಎಂದು ಡಾಕ್ಟರೇ ಹೇಳಬೇಕು. ಮೂರು ದಿನದಲ್ಲಿ ತಾನಾಗಿ ತಿಂದರೆ, ತಾನಾಗಿ ಎದ್ದು ಮೂತ್ರಕ್ಕೆ ಹೋದರೆ, ಒಂದು ಸಲವಾದರೂ ಮೈ ನೆಕ್ಕಿಕೊಂಡರೆ ಕೆಲವು ದಿನ, ಅದೃಷ್ಟವಿದ್ದರೆ ಕೆಲವು ವಾರ ಸಿಗಬಹುದು. ಇಲ್ಲವಾದರೆ ಇನ್ನೊಂದು ಬಾಟಲಿ ಹಾಕಿಸಿ ಪ್ರಯೋಜನವಿಲ್ಲ ಎಂದು ಮಗನಿಗೂ ಈಗಲೇ ಹೇಳಿಟ್ಟಿರಿ.

ಎರಡನೆಯದು, ಇಂಜೆಕ್ಷನ್ ಬೇಡ, ಮನೆಯಲ್ಲೇ ಕೊನೆಯಾಗಲಿ ಎಂಬ ದಾರಿ. ಇದನ್ನು ನಾನು ತಪ್ಪು ಅನ್ನುವುದಿಲ್ಲ. ಒಂದೇ ಷರತ್ತು, "ತಾನಾಗಿ" ಎಂಬುದಕ್ಕೆ "ಮದ್ದಿಲ್ಲದೆ" ಎಂದು ಅರ್ಥ ಮಾಡಿಕೊಳ್ಳಬಾರದು. ವಾಂತಿಗೂ ನೋವಿಗೂ ಮದ್ದು ಕೊನೆಯವರೆಗೂ ಬೇಕು, ಅದೂ ಡಾಕ್ಟರು ಬರೆದು ಕೊಟ್ಟದ್ದು. ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಅರ್ಧ ಮಾತ್ರೆ ಸಾಕು, ರಕ್ತ ಕಂದು ಬಣ್ಣಕ್ಕೆ ತಿರುಗಿ ಉಸಿರು ಸಿಗದೆ ಒದ್ದಾಡಿ ಸಾಯುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬೇಡ. ಬಾಳೆದಿಂಡಿನ ರಸ ಕೊಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೊಳ್ಳಿಯ ಸೊರಗಿದ ಕಿಡ್ನಿಗೆ ಅದರಿಂದ ಏನೂ ಆಗದು. ಕುಡಿಸುವ ಹಿಂಸೆಯೊಂದು ಜಾಸ್ತಿ.

ಪಥ್ಯ ಈಗ ಬೇಡ. ಬಂಗುಡೆ ನೀರೋ, ಒಂದು ಚಮಚ ಹಾಲೋ, ಅವಳು ಕೇಳಿದ್ದು ಕೊಡಿ. ಸಿರಿಂಜಿನಲ್ಲಿ ಗಂಜಿ ತುರುಕಬೇಡಿ. ನುಂಗಲು ಬಲವಿಲ್ಲದಾಗ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಅತ್ತೆ ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡಬೇಕು ಎನ್ನಬಹುದು. ಹತ್ತಿಯಲ್ಲಿ ಅದ್ದಿ ತುಟಿ ಒದ್ದೆ ಮಾಡಲಿ, ಸುರಿಯುವುದು ಬೇಡ. ಬಾಟಲಿಯಲ್ಲಿ ಉಗುರು ಬಿಸಿ ನೀರು ತುಂಬಿ, ಬೈರಾಸು ಸುತ್ತಿ ಪಕ್ಕದಲ್ಲಿಡಿ. ತೀರ ಬಿಸಿಯಾದರೆ ಸರಿದುಕೊಳ್ಳಲೂ ಅವಳಿಗೆ ಆಗುವುದಿಲ್ಲ, ಮೈ ಸುಡುತ್ತದೆ. ಮೂತ್ರಕ್ಕೆ ಅಡಿಕೆ ಹಾಳೆಯಲ್ಲಿ ಹೊಯಿಗೆ ಹಾಕಿ ಹತ್ತಿರವೇ ಇಡಿ, ಅಂಚು ದಾಟುವ ಕಷ್ಟ ಇರುವುದಿಲ್ಲ. ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಕೆಲವು ಗಂಟೆಗೊಮ್ಮೆ ತಿರುಗಿಸಿ.

ಮತ್ತೆ, ಇರುವೆ. ನಮ್ಮ ಕಡೆ ಇದನ್ನು ಹೇಳದೆ ಇರಲಾಗದು. ಮಲಗಿದಲ್ಲೇ ಇರುವ ಪ್ರಾಣಿಯ ಕಣ್ಣಿಗೂ ಬಾಯಿಗೂ ಇರುವೆ ಮುತ್ತುತ್ತದೆ. ಒದ್ದೆಯಾದ ರೋಮದಲ್ಲಿ ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತದೆ. ಗಿಡ್ಡ ಸ್ಟೂಲಿನ ಮೇಲೆ ರಟ್ಟಿನ ಪೆಟ್ಟಿಗೆ ಇಟ್ಟು, ಸ್ಟೂಲಿನ ಕಾಲುಗಳ ಕೆಳಗೆ ಗೆರಟೆಯಲ್ಲಿ ನೀರಿಡಿ. ಮೈ ಒಣಗಿಸಿ ಇಡಿ. ಈ ದಾರಿಯ ದೊಡ್ಡ ಅಪಾಯ ರಾತ್ರಿ. ಫಿಟ್ಸ್ ಬಂದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ ಯಾರಿಗೆ ಫೋನ್ ಮಾಡಬೇಕು ಎಂದು ಹಗಲಲ್ಲೇ ಗೊತ್ತು ಮಾಡಿಟ್ಟುಕೊಳ್ಳಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ನಂಬರ್ ಇದೆ. ರಾತ್ರಿಯ ಸೇವೆ ನಿಮ್ಮ ಕಡೆ ಉಂಟಾ ಎಂದು ಮೊದಲೇ ಕೇಳಿ. ಮದ್ದು ಕೊಡುವಾಗ ಬೊಳ್ಳಿ ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಆರೋಗ್ಯ ಕೇಂದ್ರಕ್ಕೆ ಹೋಗಿ. ಮನೆಯ ಬೆಕ್ಕು ತಾನೇ ಎಂದು ಬಿಡಬೇಡಿ.

ಇನ್ನು ಇಂಜೆಕ್ಷನ್. ನೀವು ಹೆದರಿರುವುದು ಇದಕ್ಕೇ. ಹಾಗಾಗಿ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಸರಿಯಾದ ಕ್ರಮದಲ್ಲಿ ಎರಡು ಹೆಜ್ಜೆ ಇವೆ. ಮೊದಲು ಮಂಪರಿನ ಇಂಜೆಕ್ಷನ್. ಅದೊಂದು ಚುಚ್ಚುವುದು ಗೊತ್ತಾಗುತ್ತದೆ, ರಕ್ತ ತೆಗೆಯುವಾಗ ಆದಷ್ಟೇ. ಕೆಲವು ಮಂಪರು ಔಷಧಿಯಿಂದ ಬೆಕ್ಕಿಗೆ ಒಂದು ಸಲ ವಾಂತಿಯಾಗಬಹುದು. ಸ್ವಲ್ಪ ಹೊತ್ತಿನಲ್ಲಿ ಮಡಿಲಲ್ಲೇ ನಿದ್ದೆ ಹೋಗುತ್ತಾಳೆ. ಆಮೇಲೆ ರಕ್ತನಾಳಕ್ಕೆ ಅರಿವಳಿಕೆ ಔಷಧಿಯನ್ನೇ ದೊಡ್ಡ ಪ್ರಮಾಣದಲ್ಲಿ ಕೊಡುತ್ತಾರೆ, ಪೆಂಟೊಬಾರ್ಬಿಟಾಲ್ ಅಥವಾ ಥಯೋಪೆಂಟೋನ್. ಆಪರೇಶನ್‌ಗೆ ಪ್ರಜ್ಞೆ ತಪ್ಪಿಸುವ ಜಾತಿಯ ಮದ್ದೇ ಇದು. ಕೆಲವೇ ಸೆಕೆಂಡಿನಲ್ಲಿ ಅರಿವು ಪೂರ್ತಿ ಹೋಗುತ್ತದೆ. ಕೆಲವು ನಿಮಿಷದಲ್ಲಿ ಉಸಿರು ನಿಲ್ಲುತ್ತದೆ, ಹೃದಯವೂ ನಿಲ್ಲುತ್ತದೆ. ನೀರು ಬತ್ತಿದ ಮುದಿ ಬೆಕ್ಕಿನ ರಕ್ತನಾಳ ಸಿಗುವುದು ಕಷ್ಟ, ಒಂದೆರಡು ಸಲ ಹುಡುಕಬೇಕಾಗಬಹುದು. ಮಂಪರು ಮೊದಲು ಬೇಕು ಎಂದು ನಾನು ಒತ್ತಿ ಹೇಳುವುದು ಅದಕ್ಕೇ.

ಮೊದಲೇ ತಿಳಿದಿರಲಿ, ಕಣ್ಣು ಮುಚ್ಚುವುದಿಲ್ಲ. ಹೃದಯ ನಿಂತ ಮೇಲೂ ಒಂದೆರಡು ಸಲ ದೊಡ್ಡ ಉಸಿರು ಎಳೆದಂತೆ ಕಾಣಬಹುದು. ಮಾಂಸ ಅದುರಬಹುದು, ಮೂತ್ರ ಹೋಗಬಹುದು. ಅದನ್ನು ನೋಡಿ "ಅಯ್ಯೋ, ಇನ್ನೂ ಜೀವ ಇತ್ತು" ಎಂದು ವರ್ಷಗಟ್ಟಲೆ ಕೊರಗಿದವರನ್ನು ಕಂಡಿದ್ದೇನೆ. ಆ ಹೊತ್ತಿಗೆ ಬೆಕ್ಕಿಗೆ ಏನೂ ತಿಳಿಯುವುದಿಲ್ಲ.

ಎಲ್ಲ ಕಡೆಯೂ ಹೀಗೆಯೇ ಮಾಡುತ್ತಾರೆ ಎಂದು ಹೇಳಲಾರೆ. ಎಚ್ಚರ ಇರುವ ಪ್ರಾಣಿಗೆ ಮೆಗ್ನೀಶಿಯಂ ಸಲ್ಫೇಟನ್ನೋ ಪೊಟ್ಯಾಶಿಯಂ ಕ್ಲೋರೈಡನ್ನೋ ನೇರ ಕೊಡುವುದು ಕ್ರೂರ. ಪ್ರಜ್ಞೆ ಇರುವಾಗಲೇ ಉಸಿರೋ ಹೃದಯವೋ ನಿಲ್ಲುತ್ತದೆ. ಹಾಗಾಗಿ ಮೊದಲೇ ಕೇಳಿ. ಡಾಕ್ಟರು ಮಲಯಾಳದವರಾದರೆ ಇಷ್ಟು ಸಾಕು: "ಆದ್ಯಂ ಮಯಕ್ಕಾನುಳ್ಳ ಇಂಜೆಕ್ಷನ್ ಕೊಡುಕ್ಕುಮೋ?" ಮೊದಲು ಮಂಪರಿಗೆ ಕೊಡುತ್ತೀರಾ ಎಂದು ಅರ್ಥ. ಒಳ್ಳೆಯ ಡಾಕ್ಟರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಸಹಿ ಹಾಕುವ ಕಾಗದ ಮಲಯಾಳದಲ್ಲಿದ್ದರೆ ಓದಿಸಿ ಹೇಳಿಸಿಕೊಂಡೇ ಸಹಿ ಮಾಡಿ. ಮನೆಗೆ ಬರುತ್ತಾರಾ ಎಂದೂ ಕೇಳಿ. ಬಾರದಿದ್ದರೆ ಬೆಳಿಗ್ಗೆ ಮೊದಲ ಹೊತ್ತು ಗೊತ್ತು ಮಾಡಿಕೊಳ್ಳಿ. ನಾಯಿಗಳು ಬೊಗಳುವ ಸಾಲಿನಲ್ಲಿ ಅವಳನ್ನು ಕೂರಿಸುವುದು ಬೇಡ.

ಆ "ವಧೆ" ಎಂಬ ಮಾತು. ಕನ್ನಡದಲ್ಲಿ ನಾವು ದಯಾಮರಣ ಎನ್ನುತ್ತೇವೆ. ಮಲಯಾಳದವರು ಅದೇ ಅರ್ಥದಲ್ಲಿ ದಯಾವಧಂ ಎನ್ನುತ್ತಾರೆ. ನಮ್ಮ ಕಿವಿಗೆ "ವಧೆ" ಎಂದರೆ ಕಂಸವಧೆ, ಕೀಚಕವಧೆ. ಯಕ್ಷಗಾನ ನೋಡಿ ಬೆಳೆದ ಅತ್ತೆಗೆ ಎದೆ ಝಲ್ಲೆಂದದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಈ ಒಂದು ಮಾತನ್ನು ಅವರಿಗೆ ಬಿಡಿಸಿ ಹೇಳಿ.

ಚಿನ್ನದ ಬೆಕ್ಕಿನ ಮಾತನ್ನು ನಾನೂ ನನ್ನ ಅಜ್ಜಿಯಿಂದ ಕೇಳಿದವನೇ. ಕಲ್ಲು ಹೊಡೆದು, ಬಡಿದು ಬೆಕ್ಕು ಸಾಯಿಸುವವರ ಕೈ ತಡೆಯಲು ಹುಟ್ಟಿದ ಮಾತು ಎಂದೇ ನಾನು ತಿಳಿದಿದ್ದೇನೆ. ಆ ಮಟ್ಟಿಗೆ ಅದು ಎಷ್ಟೋ ಬೆಕ್ಕುಗಳನ್ನು ಉಳಿಸಿರಬೇಕು. ಪಾಪ ಪುಣ್ಯ ತೂಗುವ ಅಧಿಕಾರ ನನಗಿಲ್ಲ. ಆದರೆ ಅತ್ತೆಗೆ ಒಂದು ಸಂಗತಿ ಹೇಳಿ. 1928ರಲ್ಲಿ ಗಾಂಧೀಜಿಯ ಸಾಬರಮತಿ ಆಶ್ರಮದಲ್ಲಿ ಒಂದು ಕರು ವಾಸಿಯಾಗದ ಸ್ಥಿತಿಯಲ್ಲಿ ನರಳುತ್ತಿತ್ತು. ಮಗ್ಗುಲು ಬದಲಿಸಿದರೂ ಅದಕ್ಕೆ ನೋವು. ಅಹಿಂಸೆಯನ್ನೇ ಉಸಿರಾಡಿದ ಗಾಂಧೀಜಿ ಆಶ್ರಮದವರೊಡನೆ ಚರ್ಚಿಸಿ, ಡಾಕ್ಟರನ್ನು ಕರೆಸಿ, ಇಂಜೆಕ್ಷನ್ ಕೊಡಿಸಿ ಅದರ ನರಳಾಟ ಮುಗಿಸಿದರು. ಅದೂ ಕರು. ದೇಶದಲ್ಲಿ ದೊಡ್ಡ ಗಲಾಟೆಯಾಯಿತು, ಬೈದು ಬರೆದ ಪತ್ರಗಳು ಬಂದವು. ತಾನು ಮಾಡಿದ್ದು ಅಹಿಂಸೆಯೇ ಎಂದು ಗಾಂಧೀಜಿ ತಮ್ಮ ಪತ್ರಿಕೆಯಲ್ಲಿ ಬರೆದರು. ಇದನ್ನು ಕೇಳಿಯೂ ಅತ್ತೆಗೆ ಒಪ್ಪಿಗೆಯಾಗದಿದ್ದರೆ ಬಲವಂತ ಬೇಡ. ಅವರು ಆ ಹೊತ್ತು ದೇವರ ಮುಂದೆ ದೀಪ ಹಚ್ಚಿ ಕೂರಲಿ. ಬೊಳ್ಳಿಯ ಜೊತೆ ನೀವಿರಿ.

ಕಾನೂನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರಾಣಿ ಹಿಂಸೆ ತಡೆಯುವ 1960ರ ಕಾಯ್ದೆಯೇ ಕೆಲವು ಸ್ಥಿತಿಯಲ್ಲಿ ಪ್ರಾಣಿಯನ್ನು ಬದುಕಿಸಿಡುವುದೂ ಕ್ರೂರವಾಗಬಹುದು ಎಂದು ಒಪ್ಪುತ್ತದೆ. ಪಶುವೈದ್ಯರ ಕೈಯಲ್ಲಿ ನಡೆಯುವ ದಯಾಮರಣ ಅಪರಾಧವಲ್ಲ. ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುವುದು ಅಪರಾಧ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಹೋಗುವುದನ್ನು ಅದೇ ಕಾಯ್ದೆ ಹಿಂಸೆ ಎನ್ನುತ್ತದೆ. ಕಾಯ್ದೆಯ ಮಾತು ಹಾಗಿರಲಿ. ಏಳಲಾರದ ಬೊಳ್ಳಿಯನ್ನು ಬೀದಿನಾಯಿಗಳ ನಡುವೆ ಬಿಡುವುದನ್ನು ನೀವು ಯೋಚಿಸಲೂ ಇಲ್ಲ ಎಂದು ನನಗೆ ಗೊತ್ತು. ಕಾಸರಕದ ಬೀಜ ಅರೆದು ಹಾಕಿ ಎನ್ನುವವರೂ ನಮ್ಮಲ್ಲಿ ಇದ್ದಾರೆ. ಕಾಸರಗೋಡಿನ ಹೆಸರೇ ಆ ಮರದಿಂದ ಬಂತು ಎಂದು ಹೇಳುವುದುಂಟು. ಅದರಲ್ಲಿರುವ ಸ್ಟ್ರಿಕ್ನಿನ್ ವಿಷಕ್ಕೆ ಪ್ರಾಣಿ ಪೂರ್ತಿ ಎಚ್ಚರದಲ್ಲಿದ್ದುಕೊಂಡೇ ಬಿಲ್ಲಿನಂತೆ ಸೆಟೆದು ಸಾಯುತ್ತದೆ. ಸ್ಟ್ರಿಕ್ನಿನ್ ಇಂಜೆಕ್ಷನ್ನನ್ನು ಕಾಯ್ದೆ ಹೆಸರಿಟ್ಟು ನಿಷೇಧಿಸಿದೆ. ಅಂಥ ಸಲಹೆಯನ್ನು ಮನೆಯ ಮೆಟ್ಟಿಲು ಹತ್ತಲೂ ಬಿಡಬೇಡಿ.

ಹೂಳುವ ಜಾಗವನ್ನು ಮೊದಲೇ ನೋಡಿಡಿ. ಆ ಹೊತ್ತಿಗೆ ಗುದ್ದಲಿ ಹುಡುಕುವ ಹಾಗಾಗಬಾರದು. ಬಾವಿಯಿಂದಲೂ ನೀರಿನ ಸುರಂಗದಿಂದಲೂ ದೂರ, ಮಳೆನೀರು ನಿಲ್ಲದ ಕಡೆ, ಮೂರು ನಾಲ್ಕು ಅಡಿ ಆಳ ಬೇಕು. ಆಳಕ್ಕೆ ಕಾರಣವಿದೆ. ಇಂಜೆಕ್ಷನ್ನಿನ ಔಷಧಿ ಮೈಯಲ್ಲೇ ಉಳಿದಿರುತ್ತದೆ. ನಾಯಿಯೋ ನರಿಯೋ ಅಗೆದು ತಿಂದರೆ ಅದಕ್ಕೂ ಪ್ರಾಣಾಪಾಯ. ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ. ಮಣ್ಣು ಮುಚ್ಚಿದ ಮೇಲೆ ಎರಡು ಮುರಕಲ್ಲು ಇಡಿ.

ನನ್ನನ್ನೇ ಕೇಳಿದರೆ, ನಿಮ್ಮ ಜಾಗದಲ್ಲಿದ್ದರೆ ನಾನು ಇವತ್ತೇ ಮಗನಿಗೆ ಫೋನ್ ಮಾಡುತ್ತೇನೆ. ಮಂಗಳೂರಿನಿಂದ ಬರಲು ಅವನಿಗೆ ಅರ್ಧ ದಿನ ಸಾಕು. ಭಾನುವಾರದವರೆಗೆ ಕಾಯುವುದು ಬೇಡ, ನಾಳೆ ರಜೆ ಹಾಕಿ ಬರಲಿ. ಅಂಗಿಯೊಳಗೆ ತಂದವನು ಅವನೇ ಅಲ್ವಾ, ಅಂಕ ಹಾಕುವಾಗಲೂ ಅವನಿರಲಿ. ಯಜಮಾನರಿಗೆ ವೀಡಿಯೊ ಕಾಲ್‌ನಲ್ಲಿ ಬೊಳ್ಳಿಯನ್ನು ತೋರಿಸಿ. ದೂರದಲ್ಲಿರುವವರ ಕಣ್ಣಲ್ಲಿ ಇನ್ನೂ ನಾಲ್ಕು ಕಿಲೋದ ಬೊಳ್ಳಿಯೇ ಇರುತ್ತಾಳೆ. ಇವತ್ತು ಸಂಜೆಯೇ ಡಾಕ್ಟರಿಗೆ ಫೋನ್ ಮಾಡಿ ವಾಂತಿಗೆ ಮದ್ದು ತನ್ನಿ. ಯಾವ ದಾರಿ ಹಿಡಿದರೂ ಇವತ್ತಿನ ರಾತ್ರಿಗೆ ಅದು ಬೇಕು. ಬಚ್ಚಲ ಒಲೆಯಲ್ಲಿ ಸ್ವಲ್ಪ ಕೆಂಡ ಉಳಿಸಿ, ಕಿಡಿ ಹಾರದಷ್ಟು ದೂರದಲ್ಲಿ ಅವಳ ಪೆಟ್ಟಿಗೆ ಇಡಿ. ಪಕ್ಕದಲ್ಲಿ ನಿಮಗೂ ಒಂದು ಚಾಪೆ ಹಾಕಿಕೊಳ್ಳಿ.